ದಂಡ ಕಟ್ಟಿದ ಮೇಲೂ ಲೋಡ್ ಇಳಿಸಲೇಬೇಕು

ಲಾರಿ ಕೇಸುಗಳನ್ನ ನೋಡೋ ವಕೀಲ ನಾನು. ರಾತ್ರಿ ಹೊತ್ತು ಬರೋ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ವೆ. "ಸಾರ್, ಓವರ್‌ಲೋಡ್ ಅಂತ ಹಿಡಿದ್ರು, ಹೇಳಿದಷ್ಟು ದಂಡ ಕಟ್ಟಾಯ್ತು, ರಸೀದಿನೂ ಕೈಲಿದೆ, ಆದ್ರೂ ಗಾಡಿ ಬಿಡ್ತಿಲ್ಲ, ಸ್ವಲ್ಪ ಅವರ ಹತ್ರ ಮಾತಾಡಿ." ನಾನು ಮಾತಾಡಲ್ಲ. ಯಾಕಂದ್ರೆ ಆ ಇನ್‌ಸ್ಪೆಕ್ಟರ್ ಮಾಡ್ತಿರೋದು ಸರಿಯಾಗೇ ಇದೆ, ಹಂಗೇ ಬಿಟ್ಟು ಕಳಿಸಿದ್ರೆ ಅದು ತಪ್ಪಾಗ್ತಿತ್ತು. ಇದನ್ನ ಹೇಳಿದ ಕೂಡ್ಲೇ ಆ ಕಡೆಯಿಂದ ಬರೋ ಪ್ರಶ್ನೆನೂ ಒಂದೇ: "ಹಂಗಾದ್ರೆ ದಂಡ ಯಾಕೆ ಕಟ್ಟಿದ್ದು?"

ಆರ್‌ಸಿ (ಗಾಡಿ ನೋಂದಣಿ ಪತ್ರ), ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪತ್ರ), ಪರ್ಮಿಟ್, ಇನ್ಶೂರೆನ್ಸ್ ಇದೆಲ್ಲ ಗಾಡಿ ಓಡಿಸೋರಿಗೆ ನಾನು ಹೇಳಿಕೊಡೋ ವಿಷಯ ಅಲ್ಲ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಆದ್ರೆ ಈ ಒಂದು ವಿಷಯದಲ್ಲಿ ಮಾತ್ರ, ಒಂದೇ ಗಾಡಿ ಇಟ್ಕೊಂಡಿರೋ ಓನರ್ ಕಂ ಡ್ರೈವರ್‌ನಿಂದ ಹಿಡಿದು ದೊಡ್ಡ ಫ್ಲೀಟ್ ಇರೋ ಟ್ರಾನ್ಸ್‌ಪೋರ್ಟ್ ಆಫೀಸಿನ ಮ್ಯಾನೇಜರ್‌ವರೆಗೂ ಎಲ್ಲರ ತಲೇಲೂ ಒಂದೇ ತಪ್ಪು ಕೂತಿದೆ. ದಂಡ ಕಟ್ಟಿದ್ರೆ ಆ ಲೋಡು ಊರು ಸೇರೋವರೆಗೂ ಪಾಸ್ ಆಯ್ತು ಅನ್ನೋ ತಪ್ಪು.

ಮೋಟಾರು ವಾಹನ ಕಾಯ್ದೆ 1988ರ 194ನೇ ಸೆಕ್ಷನ್ ಏನು ಹೇಳುತ್ತೆ ನೋಡಿ. 2019ರ ಸೆಪ್ಟೆಂಬರ್ 1ರಿಂದ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಇಷ್ಟು ಎಲ್ಲರಿಗೂ ಗೊತ್ತು. ಅದೇ ಸೆಕ್ಷನ್ ಮುಂದುವರಿದು, ಹೆಚ್ಚುವರಿ ಮಾಲು ಇಳಿಸೋ ಖರ್ಚೂ ನಿಮ್ಮದೇ ಅನ್ನುತ್ತೆ, ಆ ಮಾಲು ಇಳಿಸೋವರೆಗೂ ಗಾಡಿ ಕದಲೋಕೆ ಬಿಡಬಾರದು ಅಂತಾನೂ ಹೇಳುತ್ತೆ. ಬಿಡಬಹುದು, ಬಿಡದೇ ಇರಬಹುದು ಅಂತ ಅಧಿಕಾರಿ ಇಷ್ಟಕ್ಕೆ ಬಿಟ್ಟಿರೋ ವಿಷಯ ಅಲ್ಲ ಅದು. ಅಂದ್ರೆ ಇಲ್ಲಿ ಎರಡು ಕೆಲಸ ಇವೆ, ಒಂದು ಮಾಡಿದ್ರೆ ಇನ್ನೊಂದು ಮುಗಿಯಲ್ಲ. ದಂಡ, ಇಲ್ಲೀವರೆಗೆ ಆ ಭಾರ ಹೊತ್ಕೊಂಡು ಬಂದಿದ್ದಕ್ಕೆ. ಇಲ್ಲಿಂದ ಮುಂದೆ ಹೊತ್ಕೊಂಡು ಹೋಗೋಕೆ ಅನುಮತಿ ಅಂತ ಒಂದು ಇಲ್ಲವೇ ಇಲ್ಲ, ಅದನ್ನ ಎಷ್ಟು ದುಡ್ಡು ಕೊಟ್ರೂ ಸರ್ಕಾರ ಮಾರಲ್ಲ. ಕುಡಿದು ಓಡಿಸ್ತಿದ್ದವನನ್ನ ಹಿಡಿದು ಕೇಸ್ ಹಾಕಿದ ಮೇಲೆ, ಅಮಲು ಇಳಿಯೋಕೆ ಮುಂಚೇನೇ ಕೀ ವಾಪಸ್ ಕೊಟ್ಟು ಹೋಗಪ್ಪಾ ಅಂತಾರಾ? ಇದೂ ಹಂಗೇ.

ಒಂದು ಲೆಕ್ಕ ಹಾಕೋಣ. ಎರಡು ಆ್ಯಕ್ಸಲ್ಲಿನ (ಚಕ್ರದ ಅಚ್ಚಿನ) ಲಾರಿ, ಆರ್‌ಸಿಯಲ್ಲಿ ಗಾಡಿ, ಮಾಲು ಸೇರಿ ಒಟ್ಟು ತೂಕ 18.5 ಟನ್ ಅಂತಿದೆ, ಗಾಡಿ ತೂಗೋ ವೇಬ್ರಿಡ್ಜ್‌ನಲ್ಲಿ 24.5 ಬಂತು. ಆರು ಟನ್ ಹೆಚ್ಚು. 20,000ಕ್ಕೆ 12,000 ಸೇರಿ 32,000. ರಾಜ್ಯ ಸರ್ಕಾರ ರಾಜಿ ಮೊತ್ತನ, ಅಂದ್ರೆ ಕೋರ್ಟಿಗೆ ಹೋಗದೇ ಕಟ್ಟಿ ಕೇಸ್ ಮುಗಿಸ್ಕೊಳ್ಳೋ ದುಡ್ಡನ್ನ, ಅಧಿಸೂಚನೆ ಮೂಲಕ ನಿಗದಿ ಮಾಡುತ್ತೆ, ಅದಕ್ಕೇ ನಿಮ್ಮ ಚಲನ್‌ನಲ್ಲಿ ಅಂಕಿ ಸ್ವಲ್ಪ ಬೇರೆ ಇರಬಹುದು, ಅದನ್ನ ನಿಮ್ಮ ವಕೀಲರ ಹತ್ರಾನೇ ಕೇಳ್ಕೊಳಿ. ಆದ್ರೆ ಮೊತ್ತ ಎಷ್ಟೇ ಇರಲಿ, ಆ ಆರು ಟನ್ ಕೆಳಗಿಳಿಯಬೇಕು ಅನ್ನೋದು ಬದಲಾಗಲ್ಲ.

ಇದು 2019ರಲ್ಲಿ ಹೊಸದಾಗಿ ಬಂದಿದ್ದೂ ಅಲ್ಲ. ಒಂದು ಕಾಲದಲ್ಲಿ ಕೆಲವು ರಾಜ್ಯಗಳು ದುಡ್ಡು ಕಟ್ಟಿಸ್ಕೊಂಡು ಅದೇ ಲೋಡ್ ಜೊತೆಗೇ ಮುಂದಕ್ಕೆ ಬಿಡ್ತಿದ್ವು. ಪರಮ್‌ಜಿತ್ ಭಾಸಿನ್ ಕೇಸಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಅದಕ್ಕೆ ತಡೆ ಹಾಕ್ತು. ರಾಜಿ ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಭಾರ ಹೊತ್ಕೊಂಡು ಹೋಗೋ ಹಕ್ಕು ಬರಲ್ಲ ಅಂತ ಸ್ಪಷ್ಟವಾಗಿ ಹೇಳ್ತು. ಹಳೇ ಡ್ರೈವರ್‌ಗಳು ಆ ಕಾಲ ನೋಡಿದಾರೆ, ಅವರ ಹತ್ರ ಪಳಗಿದ ಹುಡುಗರು ಅದೇ ಮಾತನ್ನ ಇವತ್ತಿಗೂ ನಂಬ್ಕೊಂಡಿದಾರೆ, ಅಲ್ಲಲ್ಲಿ ದಂಡ ಹಾಕಿ ಹಂಗೇ ಬಿಡೋ ಅಧಿಕಾರಿಗಳೂ ಸಿಗೋದ್ರಿಂದ ಆ ನಂಬಿಕೆ ಸಾಯ್ತಾನೇ ಇಲ್ಲ. ನಂಗೆ ಆ ಅಧಿಕಾರಿಗಳ ಮೇಲೇ ಹೆಚ್ಚು ಸಿಟ್ಟು. ರಸೀದಿ ಕೊಟ್ಟು, ಓವರ್‌ಲೋಡ್ ಅಂತ ತಾವೇ ಬರೆದು, ಅದೇ ಗಾಡೀನ ಘಾಟಿ ಕಡೆಗೆ ಕಳಿಸೋದು ಅಂದ್ರೆ ಏನರ್ಥ?

ಘಾಟಿ ಮಾತು ಬಂತಲ್ಲ, ಇಳಿಸೋಕೆ ಯಾಕೆ ಇಷ್ಟು ಹಠ ಅನ್ನೋದು ಅಲ್ಲೇ ಇದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯೋವಾಗ ಗಾಡಿಯ ಭಾರ ಎಷ್ಟು ಹೆಚ್ಚೋ ಬ್ರೇಕ್ ಡ್ರಮ್ ನುಂಗಬೇಕಾದ ಶಾಖಾನೂ ಅಷ್ಟೇ ಹೆಚ್ಚು. ಡ್ರಮ್ಮು, ಲೈನಿಂಗು ಕಾದಷ್ಟೂ ಹಿಡಿತ ಕಮ್ಮಿಯಾಗುತ್ತೆ, ಪೆಡಲ್ ತುಳಿದ್ರೆ ಕಾಲು ಕೆಳಗೆ ಹೋಗುತ್ತೆ ಗಾಡಿ ನಿಲ್ಲಲ್ಲ. ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಲ್ಲಿ ನ್ಯೂಟ್ರಲ್ ಹಾಕೋ ಅಭ್ಯಾಸ ಬೇರೆ, ಅದರಿಂದ ಎಂಜಿನ್ನಿನ ಹಿಡಿತಾನೂ ಹೋಯ್ತು. ಆ 18.5 ಟನ್ನಿನ ಬ್ರೇಕು 18.5 ಟನ್ನಿಗೇ ಮಾಡಿರೋದು. ರಸೀದಿ ಜೇಬಲ್ಲಿದೆ ಅಂತ ಡ್ರಮ್ಮಿಗೇನು ಗೊತ್ತಾಗುತ್ತೆ. ರಸ್ತೆ ಕಥೆನೂ ಹಂಗೇ, ಆ್ಯಕ್ಸಲ್ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಹಾನಿ ಸುಮಾರು ಹದಿನಾರು ಪಟ್ಟು ಅಂತ ಎಂಜಿನಿಯರುಗಳು ಲೆಕ್ಕ ಹಾಕ್ತಾರೆ, ಬಳ್ಳಾರಿ ಕಡೆ ಅದಿರು ಲಾರಿಗಳ ಕಾಲದಲ್ಲಿ ಸಂಡೂರು ಹೊಸಪೇಟೆ ರಸ್ತೆ ಓಡಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಒಬ್ಬ ಕಕ್ಷಿದಾರ, ಒಂದೇ ಗಾಡಿ, ಇನ್ನೂ ಲೋನ್ ನಡೀತಿದೆ, ತಾನೇ ಓಡಿಸ್ತಾನೆ. ಗಂಗಾವತಿಯಿಂದ ಅಕ್ಕಿ ಹೇರ್ಕೊಂಡು ಮಂಗಳೂರಿಗೆ ಹೊರಟವನನ್ನ ಘಾಟಿಗೆ ಮುಂಚೆ ಹಿಡಿದ್ರು. ಐವತ್ತು ಕೆಜಿ ಮೂಟೆ ನೂರಿಪ್ಪತ್ತು ಇಳಿಸಬೇಕಾಯ್ತು. ರಾತ್ರೀಲಿ ಹಮಾಲಿಗಳು ಎಲ್ಲಿ ಸಿಗ್ತಾರೆ? ಅವನೂ ಕ್ಲೀನರ್ ಹುಡುಗನೂ ಇಬ್ಬರೇ ಬೆನ್ನ ಮೇಲೆ ಹೊತ್ತು, ರಸ್ತೆ ಬದಿ ಟಾರ್ಪಾಲ್ ಹಾಸಿ ಪೇರಿಸಿದಾರೆ, ಮಧ್ಯದಲ್ಲಿ ಮಳೆ ಹನಿ ಶುರುವಾಗಿ, ಹಾಸಿದ್ದ ಟಾರ್ಪಾಲ್‌ನ ಅರ್ಧ ಎತ್ತಿ ಮೂಟೆ ಮೇಲೆ ಹೊದೆಸಿ ಇವರು ನೆಂದಿದಾರೆ. ಬೆಳಗ್ಗೆ ಅವನ ಭಾವ ಇನ್ನೊಂದು ಗಾಡಿ ತಂದ ಮೇಲೆ ಮತ್ತೆ ಎಲ್ಲ ಹೇರಿದ್ದು. ಆ ಆರು ಟನ್ನಿಗೆ ಸಿಕ್ತಿದ್ದ ಬಾಡಿಗೆ ದಂಡದ ಅರ್ಧಕ್ಕೂ ಬರ್ತಿರಲಿಲ್ಲ. "ಮತ್ಯಾಕಪ್ಪಾ ಹೇರಿಸ್ಕೊಂಡೆ?" ಅಂದೆ. "ಮಿಲ್ಲಿನೋರು ಹೇರ್ತಾನೇ ಹೋದ್ರು ಸಾರ್, ಬ್ಯಾಡ ಅಂದ್ರೆ ಮುಂದಿನ ಸಲ ನನ್ ಗಾಡಿ ಕರಿಯೋದೇ ಇಲ್ಲ" ಅಂದ. ಅವನಿಗೆ ನಾನು ಏನು ಬೈಯಲಿ.

ಇಲ್ಲಿ ಹೇರಿಸಿದ ಪಾರ್ಟಿ ತಪ್ಪಿಸ್ಕೊಳ್ತಾನೆ ಅನ್ನೋದು ನಿಜವಾದ ಅನ್ಯಾಯ. 194ನೇ ಸೆಕ್ಷನ್ ಓಡಿಸೋನಿಗೆ ಮಾತ್ರ ಅಲ್ಲ, ಹಂಗೆ ಓಡಿಸೋಕೆ ಕಾರಣ ಆದವನಿಗೆ, ಬಿಟ್ಟವನಿಗೆ ಎಲ್ಲರಿಗೂ ಅನ್ವಯ ಆಗುತ್ತೆ. ತೂಕದ ಮಿತಿ ಹೇಳೋ 113ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಡ್ರೈವರ್ ಓನರ್ ಅಲ್ಲದಿದ್ರೆ ಇದು ಓನರ್‌ಗೆ ಗೊತ್ತಿದ್ದೇ ಆಗಿದೆ ಅಂತ ಕೋರ್ಟ್ ಭಾವಿಸಬಹುದು ಅನ್ನುತ್ತೆ. ಆದ್ರೆ ಕ್ರಷರ್‌ನಲ್ಲಿ ಜಲ್ಲಿ ತುಂಬಿಸಿದವನ ಮೇಲೆ, ಗೋಡೌನಲ್ಲಿ ಹೇರಿಸಿದವನ ಮೇಲೆ ಕೇಸ್ ಬಿದ್ದಿದ್ದು ನಾನು ಕಂಡಿದ್ದು ಬಹಳ ಅಪರೂಪ. ರಸ್ತೇಲಿ ಸಿಗೋನು ಡ್ರೈವರ್, ಅದಕ್ಕೇ ಎಲ್ಲ ಅವನ ತಲೆಗೆ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಸೂಚನೆ ಕೊಟ್ಟ ಮೇಲಂತೂ ಗೂಡ್ಸ್ ಗಾಡಿ ಓವರ್‌ಲೋಡಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬಹುದು. ಓನರ್ ದಂಡ ಕಟ್ತಾನೆ, ಇನ್ನೊಬ್ಬ ಡ್ರೈವರ್‌ನ ಹತ್ತಿಸ್ತಾನೆ, ಮೂರು ತಿಂಗಳು ಮನೇಲಿ ಕೂರೋನು ಇವನು. 2024ರ ಜನವರೀಲಿ ಹೊಸ ನ್ಯಾಯ ಸಂಹಿತೆಯ ಹಿಟ್ ಅಂಡ್ ರನ್ ಕಲಂ ವಿರುದ್ಧ ದೇಶದ ಎಷ್ಟೋ ಕಡೆ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ರು, ಅವರ ಭಯ ಅರ್ಥ ಆಗುತ್ತೆ. ಹೇರಿಸಿದವನ ಮೇಲೂ ಕೇಸ್ ಹಾಕಿ ಅಂತ ಅದೇ ಥರ ಒಂದು ದಿನ ಗಾಡಿ ನಿಲ್ಲಿಸಿದ್ರೆ ನಾನು ಅವರ ಜೊತೆ ಬಂದು ಕೂರ್ತೀನಿ.

ದಂಡ ಕಟ್ಟಿ, ಹೆಂಗೋ ಮಾತಾಡಿ, ಇಳಿಸದೇ ಮುಂದೆ ಹೋದವರ ಕಥೆ ಇನ್ನೂ ಕೆಟ್ಟದ್ದು. ಹತ್ತಿಪ್ಪತ್ತು ಕಿಲೋಮೀಟರ್ ಮುಂದೆ ಅಪಘಾತ ಆಯ್ತು ಅನ್ಕೊಳಿ. ನಿಮ್ಮ ಜೇಬಲ್ಲಿರೋ ಅದೇ ರಸೀದಿ, ಗಾಡಿ ಓವರ್‌ಲೋಡ್ ಇತ್ತು, ಅದು ನಿಮಗೆ ಗೊತ್ತಿತ್ತು, ಗೊತ್ತಿದ್ದೂ ಹೊರಟ್ರಿ ಅನ್ನೋದಕ್ಕೆ ಸಾಕ್ಷಿ. ದಿನಾಂಕ, ಸಮಯ, ತೂಕ ಎಲ್ಲ ಅದರಲ್ಲೇ ಇರುತ್ತೆ. ನಿಮ್ಮ ಪರ ವಾದ ಮಾಡೋಕೆ ನಿಂತವನಿಗೆ ಅದಕ್ಕಿಂತ ಕಷ್ಟದ ಕಾಗದ ಇನ್ನೊಂದಿಲ್ಲ. ನಿಮ್ಮ ಗಾಡಿ ರಿಪೇರಿ ಕ್ಲೇಮಿಗೂ ಪೆಟ್ಟು ಬೀಳುತ್ತೆ, ಓವರ್‌ಲೋಡ್ ಇದ್ರೆ ಇನ್ಶೂರೆನ್ಸ್ ಕಂಪನಿಗಳು ನಾನ್ ಸ್ಟ್ಯಾಂಡರ್ಡ್ ಅಂತ ಮಾಡಿ 75 ಪರ್ಸೆಂಟ್ ಮೀರದಂಗೆ ಕೊಡೋ ಪದ್ಧತಿ ಇದೆ. ಪ್ರತಿ ಕೇಸಲ್ಲೂ ಹಂಗೇ ಆಗುತ್ತೆ ಅಂತ ನಾನು ಹೇಳಲ್ಲ, ಪಾಲಿಸಿ ನೋಡಬೇಕು, ಅಪಘಾತಕ್ಕೂ ಭಾರಕ್ಕೂ ಸಂಬಂಧ ಇದೆಯಾ ಅಂತಾನೂ ನೋಡಬೇಕಾಗುತ್ತೆ. ಇನ್ನೊಂದು, ರಾಜಿ ಮಾಡ್ಕೊಂಡ್ರೆ ಹಳೇದೆಲ್ಲ ಅಳಿಸಿ ಹೋಯ್ತು ಅನ್ಕೊಂಡಿರ್ತಾರೆ. 2019ರ ತಿದ್ದುಪಡಿ ಆದಮೇಲೆ ರಾಜಿ ಆದ ಅಪರಾಧಾನೂ ಮುಂದಿನ ಸಲಕ್ಕೆ ಹಿಂದಿನ ಅಪರಾಧ ಅಂತಾನೇ ಲೆಕ್ಕಕ್ಕೆ ಬರುತ್ತೆ.

ತೂಕದ ಬಗ್ಗೆ ಒಂದು ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ ಭಾರದ ಮಿತಿ ಏರಿಸ್ತು, ನಾಲ್ಕು ಟೈರಿನ ಹಿಂದಿನ ಆ್ಯಕ್ಸಲ್ಲಿಗೆ 10.2 ಇದ್ದಿದ್ದು 11.5 ಟನ್, ಎರಡು ಆ್ಯಕ್ಸಲ್ ಲಾರಿ 16.2ರಿಂದ 18.5ಕ್ಕೆ ಬಂತು. ಅವತ್ತಿಂದ ಹಳೇ ಗಾಡಿಯವರೂ ಹೊಸ ಅಂಕಿ ಹಿಡ್ಕೊಂಡು ವಾದ ಮಾಡ್ತಾರೆ. ಕಾಯ್ದೆ ನೋಡೋದು ನಿಮ್ಮ ಆರ್‌ಸಿಯಲ್ಲಿ ಬರೆದಿರೋ ತೂಕಾನ. ಅದರಲ್ಲಿ 16.2 ಇದ್ರೆ ನಿಮಗೆ 16.2 ಅಂತಾನೇ ತಿಳ್ಕೊಳಿ.

ಹಿಡಿದಾಗ ವೇಬ್ರಿಡ್ಜಿಗೆ ಬರಲ್ಲ ಅಂತ ಹಠ ಮಾಡೋದು, ತೂಕಕ್ಕೆ ಮುಂಚೆ ಕತ್ತಲಲ್ಲಿ ಮಾಲು ಇಳಿಸಿಬಿಡೋದು ಇದನ್ನೆಲ್ಲ ದಯವಿಟ್ಟು ಮಾಡಬೇಡಿ, ಅದಕ್ಕೇ ಬೇರೆ 40,000 ಇದೆ. ಹೋಗೋ ದಾರೀಲಿ ಹತ್ತು ಕಿಲೋಮೀಟರ್ ಒಳಗೆ ವೇಬ್ರಿಡ್ಜ್ ಇದ್ರೆ ಅಲ್ಲಿಗೆ ತಗೊಂಡು ಹೋಗಿ ಅಂತ ಹೇಳೋ ಅಧಿಕಾರ 114ನೇ ಸೆಕ್ಷನ್‌ನಲ್ಲಿ ಅವರಿಗಿದೆ. ನೀವು ಕೇಳಬೇಕಾದ್ದನ್ನ ಕೇಳಿ, ತೂಕದ ಚೀಟಿ ಕೇಳಿ, ಮಾಲು ಇಳಿಸಿ ಅನ್ನೋ ಆದೇಶಾನ ಬರಹದಲ್ಲಿ ಕೇಳಿ, ಬಾಯಿ ಮಾತಲ್ಲಿ ಆಗಲ್ಲ, ಬರಹದಲ್ಲೇ ಕೊಡಬೇಕು. ಇಳಿಸಿದ ಮಾಲಿನ ಜವಾಬ್ದಾರಿ ನಿಮ್ಮದೇ, ಅದಕ್ಕೇ ಮೊದಲು ಪಾರ್ಟಿಗೆ ಫೋನ್ ಮಾಡಿ, ಜಾಗದ ಫೋಟೋ ತೆಗೆದು ಕಳಿಸಿ. ಇನ್ನೊಂದು ಗಾಡಿಗೆ ಹೇರೋದಾದ್ರೆ ಆ ಗಾಡಿ ನಂಬರ್ ಇ-ವೇ ಬಿಲ್ಲಿನ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ) ಪಾರ್ಟ್ ಬಿಯಲ್ಲಿ ಸೇರಿಸಿ ಆಮೇಲೆ ಹೊರಡಿ, ಇಲ್ಲದಿದ್ರೆ ಓವರ್‌ಲೋಡಿಂದ ಬಿಡಿಸ್ಕೊಂಡು ಜಿಎಸ್‌ಟಿಯೋರ ಕೈಗೆ ಸಿಕ್ಕಾಕ್ಕೊಳ್ತೀರಿ. ಇಳಿಸಿದ ಮೇಲೆ ಅದೇ ವೇಬ್ರಿಡ್ಜಲ್ಲಿ ಇನ್ನೊಂದು ಸಲ ತೂಗಿಸಿ, ಆ ಎರಡನೇ ಚೀಟೀನ ಚಲನ್ ಜೊತೆ ಪಿನ್ ಮಾಡಿಡಿ, ಮುಂದಿನ ಚೆಕ್ಕಿಂಗಲ್ಲಿ ನಿಮ್ಮನ್ನ ಅದೇ ರಾತ್ರಿ ಮತ್ತೆ ನಿಲ್ಲಿಸಿದ್ರೆ ಬೇಕಾಗೋದು ಅದು.