ಶೇ. 50ರ ಹಟ

ದೊಡ್ಡ ಕಲಾ ಮ್ಯೂಸಿಯಂಗಳ ಕರೆಂಟು ಬಿಲ್ಲಿನಲ್ಲಿ ಸಿಂಹಪಾಲು ಗಾಳಿಗೇ ಹೋಗುತ್ತದೆ. ಬಲ್ಬು ತೆಗೆದು ಎಲ್ಇಡಿ ಹಾಕಲಿ, ಚಾವಣಿ ತುಂಬ ಸೋಲಾರ್ ಫಲಕ ಹೊದಿಸಲಿ, ಹಗಲು ರಾತ್ರಿ, ರಜಾದಿನವೂ ಓಡುವ ಹವಾನಿಯಂತ್ರಣ ಹಾಗೇ ಉಳಿದರೆ ಇಂಗಾಲದ ಲೆಕ್ಕ ಹೆಚ್ಚೇನೂ ಇಳಿಯದು. ಆ ಯಂತ್ರಕ್ಕೆ ಬಹುಕಾಲದಿಂದ ಇರುವ ಆಜ್ಞೆ ಒಂದೇ: ಉಷ್ಣಾಂಶ 20 ಡಿಗ್ರಿಯ ಆಸುಪಾಸು, ಸಾಪೇಕ್ಷ ಆರ್ದ್ರತೆ (ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ. 50, ಅದೂ ಐದು ಅಂಶಕ್ಕಿಂತ ಆಚೀಚೆ ಸರಿಯಕೂಡದು.

ಈ ಹಟಕ್ಕೆ ಯುದ್ಧಕಾಲದ ಹಿನ್ನೆಲೆಯಿದೆ. ಜರ್ಮನ್ ಬಾಂಬುಗಳಿಗೆ ಹೆದರಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನು 1941ರಲ್ಲಿ ವೇಲ್ಸ್‌ನ ಮಾನೋಡ್ ಎಂಬಲ್ಲಿನ ಸ್ಲೇಟು ಗಣಿಯೊಳಗೆ ಇಟ್ಟಿತು. ಚಾರ್ಲ್ಸ್ ದೊರೆ ಕುದುರೆ ಏರಿದ ವ್ಯಾನ್ ಡೈಕ್‌ನ ಬೃಹತ್ ಚಿತ್ರ ಹಾಯಲೆಂದು ದಾರಿಯಲ್ಲಿನ ಸೇತುವೆಯ ಕೆಳಗೆ ರಸ್ತೆಯನ್ನೇ ಅಗೆದು ತಗ್ಗಿಸಿದರು; ಗಣಿಯ ಬಾಯನ್ನು ಸಿಡಿಮದ್ದು ಇಟ್ಟು ಅಗಲ ಮಾಡಿದರು. ಒಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ 17 ಡಿಗ್ರಿ ಉಷ್ಣಾಂಶ, ಶೇ. 42 ಆರ್ದ್ರತೆ ಕಾಯ್ದುಕೊಂಡರು. ಲಂಡನ್ನಿನಲ್ಲಿ ಸದಾ ಕಾಡುತ್ತಿದ್ದ ಬಣ್ಣದ ಚಕ್ಕೆ ಏಳುವ ತೊಂದರೆ ಅಲ್ಲಿ ಬಹುಮಟ್ಟಿಗೆ ನಿಂತಿತು. ಯುದ್ಧ ಮುಗಿದು ಚಿತ್ರಗಳು ವಾಪಸಾದ ಮೇಲೆ ಮತ್ತೆ ಶುರುವಾಯಿತು.

ಕಾರಣ ಸರಳ. ಚಳಿಗಾಲದ ಹೊರಗಿನ ಗಾಳಿ 5 ಡಿಗ್ರಿಯಲ್ಲಿ ಶೇ. 80 ಆರ್ದ್ರತೆ ಹೊತ್ತಿದ್ದರೂ, ಒಳಗೆ ತಂದು 20 ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆ ಸುಮಾರು ಶೇ. 30ಕ್ಕೆ ಬೀಳುತ್ತದೆ. ಆ ಒಣ ಗಾಳಿಯಲ್ಲಿ, ಚಿತ್ರ ಬರೆದ ಮರದ ಹಲಗೆ ಕುಗ್ಗುತ್ತದೆ. ನಮ್ಮ ಮನೆಯ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವುದೂ ಇದೇ ಗುಣದಿಂದ. ಹಲಗೆಯಷ್ಟು ಕುಗ್ಗಲಾರದ ಮೇಲಿನ ಬಣ್ಣ ಬಿರಿದು ಏಳುತ್ತದೆ.

ಏರಿಳಿತ ಕೆಟ್ಟದ್ದು ಎಂಬ ಪಾಠ ಸರಿಯೇ. ಆದರೆ ಎಷ್ಟು ಏರಿಳಿತ ಕೆಟ್ಟದ್ದು? ಅದೇ ನ್ಯಾಷನಲ್ ಗ್ಯಾಲರಿಯ ವಿಜ್ಞಾನಿ ಗ್ಯಾರಿ ಥಾಮ್ಸನ್ 1978ರ ತಮ್ಮ ಪುಸ್ತಕದಲ್ಲಿ ಈ ಐದು ಅಂಶದ ಮಿತಿಯ ಬಗ್ಗೆ ಪ್ರಾಮಾಣಿಕವಾಗಿ ಬರೆದಿದ್ದರು: ಅದು ಯಂತ್ರಕ್ಕೆ ಎಷ್ಟು ಸಾಧ್ಯ ಎಂಬುದರ ಮೇಲೆ ನಿಂತ ಮಿತಿಯೇ ಹೊರತು, ಸಣ್ಣ ಏರಿಳಿತದಿಂದ ವಸ್ತುವಿಗೆ ಏನಾಗುತ್ತದೆ ಎಂಬ ಆಳವಾದ ತಿಳಿವಳಿಕೆಯ ಮೇಲಲ್ಲ. ಓದಿದವರು ಸಂಖ್ಯೆಯನ್ನಷ್ಟೇ ಹಿಡಿದುಕೊಂಡರು. ಈ ಮಾತು ಹಿಂದೆ ಉಳಿಯಿತು. ಬೇಸಿಗೆಗೂ ಚಳಿಗಾಲಕ್ಕೂ ಬೇರೆ ಬೇರೆ ಉಷ್ಣಾಂಶ ಸಾಕು ಎಂದೂ ಅವರು ಹೇಳಿದ್ದರು.

ಆ ಸಂಖ್ಯೆಯ ಬೆಲೆ ಏನೆಂದು ಯಂತ್ರದೊಳಗೆ ಇಣುಕಿದರೆ ತಿಳಿಯುತ್ತದೆ. ಗಾಳಿಯ ತೇವ ತೆಗೆಯಲು ಸಾಮಾನ್ಯ ಹವಾನಿಯಂತ್ರಣಕ್ಕೆ ಗೊತ್ತಿರುವ ದಾರಿ, ಅದನ್ನು ನೀರು ಹನಿಯುವಷ್ಟು ತಣಿಸುವುದು. 20 ಡಿಗ್ರಿಯಲ್ಲಿ ಶೇ. 50 ಬೇಕಾದರೆ ಮೊದಲು ಗಾಳಿಯನ್ನು ಸುಮಾರು 9 ಡಿಗ್ರಿಗೆ ಇಳಿಸಬೇಕು. ಅಷ್ಟು ತಣ್ಣನೆ ಗಾಳಿಯನ್ನು ಸಭಾಂಗಣಕ್ಕೆ ಬಿಡಲಾಗದು, ಆದ್ದರಿಂದ ಮತ್ತೆ ಕಾಯಿಸಬೇಕು. ತಣಿಸಲು ಒಮ್ಮೆ, ಕಾಯಿಸಲು ಇನ್ನೊಮ್ಮೆ ಶಕ್ತಿ ಸುಡುತ್ತದೆ. ಮಿತಿ ಬಿಗಿಯಾದಷ್ಟೂ ಈ ಎಳೆದಾಟ ಹೆಚ್ಚು.

1990ರ ದಶಕದಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮೇರಿಯನ್ ಮೆಕ್ಲೆನ್‌ಬರ್ಗ್ ಮತ್ತು ಜೊತೆಗಾರರು ಮರ, ಅಂಟು, ಬಣ್ಣದ ಪದರಗಳನ್ನು ಎಳೆದು, ಒಣಗಿಸಿ, ನೆನೆಸಿ ಅಳೆದು ನೋಡಿದರು. ಮಧ್ಯಮ ಆರ್ದ್ರತೆಯಲ್ಲಿ ಈ ಪದಾರ್ಥಗಳು ಸ್ವಲ್ಪ ಹಿಗ್ಗಿ ಕುಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತವೆ, ಹಾನಿಯಾಗುವುದಿಲ್ಲ ಎಂದು ಗೊತ್ತಾಯಿತು. ದೊಡ್ಡ ಮ್ಯೂಸಿಯಂಗಳ ನಿರ್ದೇಶಕರ ಬಿಜೋ ಗುಂಪು ಇದನ್ನು ಒಪ್ಪಿ ಹೊಸ ಮಿತಿ ಪ್ರಕಟಿಸಲು 2010ರ ದಶಕವೇ ಬರಬೇಕಾಯಿತು: ಬಹುತೇಕ ವಸ್ತುಗಳಿಗೆ ಶೇ. 40ರಿಂದ 60, 16ರಿಂದ 25 ಡಿಗ್ರಿ. ಬಲು ಸೂಕ್ಷ್ಮವಾದವುಗಳಿಗೆ ತೇವವನ್ನು ಹೀರಿ ಬಿಡುವ ಸಿಲಿಕಾ ಜೆಲ್ ಹರಳು ಇಟ್ಟ ಗಾಜಿನ ಪೆಟ್ಟಿಗೆ ಸಾಕು. ಒಂದು ಚಿತ್ರಕ್ಕಾಗಿ ಇಡೀ ಕಟ್ಟಡವನ್ನು ತಣಿಸಬೇಕಿಲ್ಲ. ಇಷ್ಟಾದರೂ ಮ್ಯೂಸಿಯಂಗಳು ಪ್ರದರ್ಶನಕ್ಕೆಂದು ಪರಸ್ಪರ ವಸ್ತು ಕೊಡುವಾಗ ಮಾಡಿಕೊಳ್ಳುವ ಎರವಲು ಒಪ್ಪಂದಗಳಲ್ಲಿ ಹಳೆಯ ಸಂಖ್ಯೆಯೇ ನುಸುಳಿಬಿಟ್ಟರೆ, ಒಂದು ಮ್ಯೂಸಿಯಂ ಮಿತಿ ಸಡಿಲಿಸಿಯೂ ಲಾಭವಿಲ್ಲ.

ಕಟ್ಟಡವೇ ಈ ಕೆಲಸ ಮಾಡುವ ದಾರಿಯೂ ಇದೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂ 2012ರಲ್ಲಿ ಇಂಗ್ಲೆಂಡಿನ ರಾಟನ್ ಎಂಬಲ್ಲಿನ ಹಳೆಯ ವಿಮಾನ ನೆಲೆಯಲ್ಲಿ ಸೆಣಬಿನಂತೆ ನಾರು ಕೊಡುವ ಹೆಂಪ್ ಗಿಡದ ಕಾಂಡದ ಚೂರು ಮತ್ತು ಸುಣ್ಣ ಬೆರೆಸಿದ ಗೋಡೆಗಳ ಉಗ್ರಾಣ ಕಟ್ಟಿತು. ಗಾಳಿ ತೇವವಾದಾಗ ಗೋಡೆ ತೇವ ಹೀರುತ್ತದೆ, ಒಣಗಿದಾಗ ಬಿಡುತ್ತದೆ.

ಲಂಡನ್ನಿನ ಚಳಿಯಲ್ಲಿ ಹುಟ್ಟಿದ ನಿಯಮ ನಮ್ಮ ಹವೆಗೆ ಇನ್ನೂ ಹೊಂದದು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವ ಹತ್ತನೇ ಶತಮಾನದ ಆತಕೂರು ವೀರಗಲ್ಲು ಎಷ್ಟೋ ಶತಮಾನ ಬಿಸಿಲು ಮಳೆ ಕಂಡದ್ದು, ಅದಕ್ಕೆ ಶೇ. 50 ಯಾಕೆ? ಓಲೆಗರಿ, ಬಟ್ಟೆ, ಕಾಗದಕ್ಕೆ ಕಾಳಜಿ ಬೇಕು, ಆದರೆ ಇಲ್ಲಿನ ಮುಖ್ಯ ಶತ್ರು ಬೂಸ್ಟು. ಆರ್ದ್ರತೆ ಶೇ. 65ರ ಕೆಳಗಿದ್ದು ಗಾಳಿ ಆಡುತ್ತಿದ್ದರೆ ಅದು ಸುಲಭಕ್ಕೆ ಹತ್ತದು. ಹೊರಗೆ ಒಣಗಿದ್ದಾಗ ತಾನಾಗಿ ತಿರುಗುವ ಫ್ಯಾನು, ಮಳೆಗಾಲಕ್ಕೆ ತೇವ ತೆಗೆಯುವ ಯಂತ್ರ, ಇಷ್ಟರಿಂದ ಬಹಳ ಕೆಲಸವಾಗುತ್ತದೆ. ಕಚೇರಿ ಸಮಯಕ್ಕೆ ಎ.ಸಿ. ಹಾಕಿ ಸಂಜೆ ಆರಿಸುವ ಪದ್ಧತಿಯಂತೂ ಎರಡು ಕಡೆಯೂ ನಷ್ಟ: ಕರೆಂಟೂ ಹೋಗುತ್ತದೆ, ತಣ್ಣಗಾದ ವಸ್ತುವಿನ ಮೇಲೆ ರಾತ್ರಿಯ ತೇವವೂ ಕೂರುತ್ತದೆ. ಹೊಸ ಗ್ಯಾಲರಿಗೆ ಎ.ಸಿ. ಟೆಂಡರ್ ಕರೆಯುವ ಮೊದಲು ಆ ಕೋಣೆಯಲ್ಲಿ ಉಷ್ಣಾಂಶ, ಆರ್ದ್ರತೆ ದಾಖಲಿಸುವ ಪುಟ್ಟ ಉಪಕರಣವನ್ನು ಒಂದು ಪೂರ್ತಿ ವರ್ಷ ಇಟ್ಟು ನೋಡುವುದನ್ನು ಕಡ್ಡಾಯ ಮಾಡಬೇಕು. ಯಂತ್ರ ಬೇಕೇ, ಬೇಕಾದರೆ ಯಾವ ತಿಂಗಳುಗಳಲ್ಲಿ ಎಂದು ಆ ಅಂಕಿಗಳೇ ಹೇಳುತ್ತವೆ.