ಜೀವಕೋಶದೊಳಗೆ ಜೀನ್ ಸಾಗಿಸುವ ಕೊಬ್ಬು

ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಹೊಸ ಜೀನ್ ಒಂದನ್ನು ಕೊಡಬೇಕು ಅಂದುಕೊಳ್ಳಿ. ಸುಮ್ನೆ ಡಿಎನ್‌ಎ ತಂದು ತಟ್ಟೆಗೆ ಸುರಿದರೆ ಆಗುತ್ತಾ? ಇಲ್ಲ. ಡಿಎನ್‌ಎ ಎಳೆಯ ಉದ್ದಕ್ಕೂ ಫಾಸ್ಫೇಟ್‌ಗಳಿವೆ, ಹಾಗಾಗಿ ಅದರದು ಋಣ ವಿದ್ಯುದಾವೇಶ. ಕೋಶದ ಹೊರಮೈಯದೂ ಋಣ ಆವೇಶವೇ. ಒಂದನ್ನೊಂದು ದೂರ ತಳ್ಳುತ್ತವೆ. ಸಾಲದ್ದಕ್ಕೆ ಕೋಶದ ಪೊರೆ ಕೊಬ್ಬಿನದು. ನೀರಲ್ಲಿ ಕರಗುವ ಡಿಎನ್‌ಎಗೆ ಅಲ್ಲಿ ದಾರಿಯೇ ಇಲ್ಲ.

1973ರಲ್ಲಿ ಗ್ರಹಾಂ ಮತ್ತು ವ್ಯಾನ್ ಡರ್ ಎಬ್ ಎಂಬ ವಿಜ್ಞಾನಿಗಳು ಡಿಎನ್‌ಎಯನ್ನು ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಕೋಶಗಳ ಮೇಲೆ ಕೂರಿಸುವ ವಿಧಾನ ತಂದರು. ಅಗ್ಗವೇನೋ ಹೌದು. ಆದರೆ ಪಿಎಚ್ (ದ್ರಾವಣದ ಆಮ್ಲೀಯತೆಯ ಅಳತೆ) ಸ್ವಲ್ಪ ಆಚೀಚೆ ಆದರೂ ಕೈಕೊಡುತ್ತದೆ. ಕೊಬ್ಬಿನ ಗುಳ್ಳೆಗಳೊಳಗೆ ಡಿಎನ್‌ಎ ತುಂಬಲೂ ನೋಡಿದರು. ಅಷ್ಟು ದೊಡ್ಡ ಅಣು ಅಷ್ಟು ಚಿಕ್ಕ ಗುಳ್ಳೆಯಲ್ಲಿ ಹಿಡಿಯಬೇಕಲ್ಲ!

1987ರಲ್ಲಿ ಕ್ಯಾಲಿಫೋರ್ನಿಯಾದ ಸಿಂಟೆಕ್ಸ್ ಕಂಪನಿಯಲ್ಲಿದ್ದ ಫಿಲಿಪ್ ಫೆಲ್ಗ್ನರ್ ಮತ್ತು ಸಂಗಡಿಗರು ಧನ ಆವೇಶವಿರುವ ಲಿಪಿಡ್ (ಕೊಬ್ಬಿನ ಜಾತಿಯ ಅಣು) ಒಂದನ್ನು ತಯಾರಿಸಿದರು. ಅದರ ಹೆಸರು ಡಾಟ್ಮಾ. ಈಗ ತುಂಬುವ ಗೋಜೇ ಇಲ್ಲ. ಬೆರೆಸಿದರೆ ಸಾಕು, ಡಿಎನ್‌ಎ ತಾನಾಗಿ ಲಿಪಿಡ್‌ಗೆ ಅಂಟಿಕೊಳ್ಳುತ್ತದೆ. ಲಿಪಿಡ್ ಸ್ವಲ್ಪ ಜಾಸ್ತಿ ಇದ್ದರೆ ಇಡೀ ಕಣಕ್ಕೆ ಧನ ಆವೇಶ ಉಳಿಯುತ್ತದೆ, ಕೋಶದ ಮೈಗೂ ಹೋಗಿ ಅಂಟುತ್ತದೆ. ಈ ವಿಧಾನಕ್ಕೆ ಅವರಿಟ್ಟ ಹೆಸರು ಲಿಪೊಫೆಕ್ಷನ್.

ಇಂದಿಗೂ ಕೆಲಸ ನಡೆಯುವುದು ಹೆಚ್ಚುಕಡಿಮೆ ಹೀಗೇ. ಒಂದು ಪುಟ್ಟ ಟ್ಯೂಬಿನಲ್ಲಿ ಡಿಎನ್‌ಎ, ಇನ್ನೊಂದರಲ್ಲಿ ಲಿಪಿಡ್. ಸಾಮಾನ್ಯವಾಗಿ ಎರಡನ್ನೂ ಸೀರಂ (ಕೋಶ ಬೆಳೆಸಲು ಹಾಕುವ, ರಕ್ತದಿಂದ ತೆಗೆದ ತಿಳಿದ್ರವ) ಇಲ್ಲದ ದ್ರವದಲ್ಲೇ ತೆಳುಮಾಡುತ್ತಾರೆ, ಯಾಕೆಂದರೆ ಸೀರಂನ ಪ್ರೋಟೀನುಗಳು ನಡುವೆ ಬಂದು ಲಿಪಿಡ್‌ಗೆ ಅಂಟಿಬಿಡುತ್ತವೆ. ಎರಡನ್ನೂ ಬೆರೆಸಿ ಹತ್ತಿಪ್ಪತ್ತು ನಿಮಿಷ ಬಿಡಬೇಕು. ತುಂಬಾ ಹೊತ್ತು ಮರೆತರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆಮೇಲೆ ಹನಿಹನಿಯಾಗಿ ಕೋಶಗಳ ಮೇಲೆ ಬಿಟ್ಟು, 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಸೇರಿಸಬೇಕು. ಕೊಟ್ಟದ್ದು ಹಸಿರು ಹೊಳೆಯುವ ಪ್ರೋಟೀನಿನ ಜೀನ್ ಆಗಿದ್ದರೆ, ಮಾರನೇ ದಿನ ನೀಲಿ ಬೆಳಕಿನಲ್ಲಿ ಫಲಿತಾಂಶ ಕಾಣುತ್ತದೆ. ಒಂದು ಕೋಶ ಝಗ್ಗನೆ ಹೊಳೆಯುತ್ತಿರುತ್ತದೆ. ಅದರ ಪಕ್ಕದ್ದು ಪೂರ್ತಿ ಕಪ್ಪು. ಮತ್ತೊಂದು ಉಂಡೆಯಾಗಿ ತಳ ಬಿಟ್ಟು ತೇಲುತ್ತಿರುತ್ತದೆ, ಸತ್ತಿದೆ. ಧನ ಆವೇಶದ ಲಿಪಿಡ್ ಅತಿಯಾದರೆ ಕೋಶಕ್ಕೆ ವಿಷ.

ಒಂದೇ ತಟ್ಟೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ನನ್ನ ಪ್ರಕಾರ ಈ ವಿಷಯದ ನಿಜವಾದ ಸ್ವಾರಸ್ಯ ಇಲ್ಲೇ ಇದೆ. ಒಳಗೆ ಹೋಗುವುದು ಅಂಥ ಕಷ್ಟವೇನಲ್ಲ. ಕೋಶವೇ ಪೊರೆಯನ್ನು ಒಳಕ್ಕೆ ಮಡಚಿ ಕಣವನ್ನು ನುಂಗುತ್ತದೆ. ಆದರೆ ಕಣ ಈಗ ಎಂಡೋಸೋಮ್ ಎಂಬ ಚೀಲದಲ್ಲಿ ಬಂಧಿ. ಚೀಲ ಆಮ್ಲೀಯವಾಗುತ್ತಾ ಹೋಗುತ್ತದೆ, ಕೊನೆಗೆ ಒಳಗಿದ್ದದ್ದನ್ನು ಜೀರ್ಣಿಸುವ ಕಡೆಗೆ ಒಯ್ಯುತ್ತದೆ. ಅಷ್ಟರೊಳಗೆ ಲಿಪಿಡ್ ಆ ಚೀಲದ ಪೊರೆಯ ಜೊತೆ ಬೆರೆತು ತೂತು ಮಾಡಬೇಕು. ಡಾಟ್ಮಾ ಜೊತೆ ಡೋಪ್ ಎಂಬ ಇನ್ನೊಂದು ಲಿಪಿಡ್ ಸೇರಿಸುವುದು ಇದಕ್ಕೇ. ತಪ್ಪಿಸಿಕೊಂಡ ಡಿಎನ್‌ಎ ಕೋಶಕೇಂದ್ರವನ್ನೂ ಹೊಗಬೇಕು. ಕೋಶ ಒಡೆದು ಎರಡಾಗುವಾಗ ಕೇಂದ್ರದ ಪೊರೆ ಕರಗುತ್ತದಲ್ಲ, ಒಳಸೇರಲು ಅದೇ ಒಳ್ಳೆಯ ಸಮಯ. ವಿಭಜನೆಯಾಗದ ನರಕೋಶಗಳು ಇದಕ್ಕೆ ಸುಲಭವಾಗಿ ಬಗ್ಗದಿರಲು ಇದೂ ಒಂದು ಕಾರಣ.

ಪ್ರೋಟೀನ್ ತಯಾರಿಸಲು ಜೀನಿನ ಸಂದೇಶ ಹೊತ್ತೊಯ್ಯುವ ಎಂಆರ್‌ಎನ್‌ಎಗೆ ಈ ಕೊನೆಯ ಹೆಜ್ಜೆಯೇ ಬೇಕಿಲ್ಲ, ಕೇಂದ್ರದ ಹೊರಗೇ ಅದರ ಕೆಲಸ. ಲಿಪಿಡ್ ಮೂಲಕ ಅದನ್ನೂ ಕೋಶಗಳಿಗೆ ಕೊಡಬಹುದೆಂದು 1989ರಲ್ಲೇ, ಫೆಲ್ಗ್ನರ್ ಕೂಡ ಇದ್ದ ತಂಡ ತೋರಿಸಿತ್ತು. ದೇಹದೊಳಗೆ ಮಾತ್ರ ಸದಾ ಧನ ಆವೇಶ ಹೊತ್ತ ಲಿಪಿಡ್ ತೊಂದರೆ ಕೊಡುತ್ತದೆ, ರಕ್ತದ ಪ್ರೋಟೀನುಗಳೆಲ್ಲ ಮುತ್ತಿಕೊಳ್ಳುತ್ತವೆ. ಅದಕ್ಕೇ ಈಗಿನ ಲಿಪಿಡ್‌ಗಳು ರಕ್ತದಲ್ಲಿ ಬಹುಮಟ್ಟಿಗೆ ತಟಸ್ಥವಾಗಿದ್ದು, ಎಂಡೋಸೋಮಿನ ಆಮ್ಲದಲ್ಲಿ ಮಾತ್ರ ಆವೇಶ ಪಡೆಯುತ್ತವೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಇದ್ದದ್ದು ಇಂಥವೇ. ಆದರೂ ಚೀಲದಿಂದ ಪಾರಾಗುವುದು ಇನ್ನೂ ಬಗೆಹರಿಯದ ತಲೆನೋವು. ಇಂಥ ಕಣಗಳಲ್ಲಿ ಪುಟ್ಟ ಆರ್‌ಎನ್‌ಎ ತುಂಬಿ 2013ರಲ್ಲಿ ಅಳೆದಾಗ, ಪಾರಾಗಿದ್ದು ಶೇಕಡಾ 1–2 ಮಾತ್ರ.