ಕ್ವಾರ್ಟರ್‌ಬ್ಯಾಕ್ ಸಂಬಳ, ತಂಡದ ಗೆಲುವು: ನಾನು ಎಡವಿದ ಕಾಲಂ

ಆಟದ ನಿಯಮ ಇಲ್ಲಿ ವಿವರಿಸುತ್ತಿಲ್ಲ. ಅಮೆರಿಕನ್ ಫುಟ್ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು, ಆಟ ನಡೆಸುವವನು. ತಂಡದಲ್ಲಿ ಜಾಸ್ತಿ ಸಂಬಳ ಸಾಮಾನ್ಯವಾಗಿ ಅವನಿಗೇ. ಇಷ್ಟು ಗೊತ್ತಿದ್ದರೆ ಸಾಕು. ನನ್ನ ಪ್ರಶ್ನೆ ಒಂದೇ: ಅವನ ಮೇಲೆ ದುಡ್ಡು ಸುರಿದರೆ ತಂಡ ಗೆಲ್ಲುತ್ತದಾ, ಇಲ್ಲ ಮುಳುಗುತ್ತದಾ?

ಉತ್ತರ ಹುಡುಕಲು ಒಂದು ಎಕ್ಸೆಲ್ ಹಾಳೆ ಮಾಡಿದೆ. ಒಂದು ಕಾಲಂನಲ್ಲಿ ಪೇಪರ್‌ನಲ್ಲಿ ಬಂದ ಒಪ್ಪಂದದ ವಾರ್ಷಿಕ ಸರಾಸರಿ, ಪಕ್ಕದಲ್ಲಿ ತಂಡ ಗೆದ್ದ ಪಂದ್ಯ. ತಲೆಬುಡ ಇಲ್ಲದ ಚುಕ್ಕಿಗಳು ಬಂದವು. ಡೆನ್ವರ್‌ನಲ್ಲಿರುವ ಅಕ್ಕನ ಮಗನಿಗೆ ಫೋಟೋ ಕಳಿಸಿದೆ. ಬಂದ ಉತ್ತರ: "ಮಾವ, ನೀವು ತಪ್ಪು ಕಾಲಂ ಹಾಕಿದ್ದೀರಿ." ಆ ಒಂದು ಸಾಲು ಬಿಡಿಸಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕ್ಯಾಪ್

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್ಬಾಲ್‌ನ ದೊಡ್ಡ ಲೀಗ್. ಅದರ 32 ತಂಡಗಳಿಗೂ ಆಟಗಾರರ ಸಂಬಳಕ್ಕೆ ಒಂದೇ ಮಿತಿ. ಇದೇ ಸ್ಯಾಲರಿ ಕ್ಯಾಪ್. 1994ರಲ್ಲಿ ಶುರುವಾದಾಗ 3.46 ಕೋಟಿ ಡಾಲರ್ ಇತ್ತು, 2024ಕ್ಕೆ 25.54 ಕೋಟಿ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಇದನ್ನು ದಾಟುವ ಹಾಗಿಲ್ಲ. ಹಾಗಾಗಿ ಒಬ್ಬನಿಗೆ ಜಾಸ್ತಿ ಕೊಟ್ಟರೆ ಉಳಿದ ಐವತ್ತು ಚಿಲ್ಲರೆ ಜನಕ್ಕೆ ಅಷ್ಟು ಕಡಿಮೆ. (ಮಿಲಿಯನ್ನನ್ನು ಕೋಟಿಗೆ ತರುವಾಗ ಹತ್ತರಿಂದ ಭಾಗಿಸಬೇಕು. ನಾನು ಮೊದಲ ದಿನ ನೂರರಿಂದ ಭಾಗಿಸಿ, ಇಷ್ಟೇನಾ ಇವರ ಸಂಬಳ ಅಂದುಕೊಂಡಿದ್ದೆ.)

ಒಬ್ಬನೇ ಆಟಗಾರ, ಮೂರು ಅಂಕಿ

ಎಡವಿದ್ದು ಇಲ್ಲೇ. ತಪ್ಪಿಗೆ ಕಾರಣ ನನ್ನ ಐಪಿಎಲ್ ತಲೆ. ರಿಷಭ್ ಪಂತ್‌ಗೆ ಲಕ್ನೋ 27 ಕೋಟಿ ರೂಪಾಯಿ ಕೊಟ್ಟಿತು ಅಂದರೆ 120 ಕೋಟಿಯ ಪರ್ಸ್‌ನಿಂದ 27 ಹೋಯಿತು, ಲೆಕ್ಕ ಮುಗೀತು. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಪೇಪರ್‌ನಲ್ಲಿ ಬರುವ ಒಪ್ಪಂದದ ಮೊತ್ತ ಒಂದು. ಆ ವರ್ಷ ಆಟಗಾರನ ಜೇಬಿಗೆ ನಿಜವಾಗಿ ಬಿದ್ದ ನಗದು ಇನ್ನೊಂದು. ಆ ವರ್ಷದ ಕ್ಯಾಪ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆಯುವ ಮೊತ್ತ ಮೂರನೆಯದು, ಅದೇ ಕ್ಯಾಪ್ ಹಿಟ್. ಮೂರೂ ಬೇರೆ ಬೇರೆ. ಉಳಿದ ಆಟಗಾರರಿಗೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಮೂರನೆಯದು ಮಾತ್ರ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಐದು ವರ್ಷದ ಒಪ್ಪಂದ. ಸಹಿ ಹಾಕಿದ ದಿನ 5 ಕೋಟಿ ಡಾಲರ್ ಸೈನಿಂಗ್ ಬೋನಸ್. ಮೊದಲ ವರ್ಷದ ಸಂಬಳ ಬರೀ 15 ಲಕ್ಷ. ಆಟಗಾರನ ಕೈಗೆ ಆ ವರ್ಷ 5.15 ಕೋಟಿ ಬಂತು. ಆದರೆ ಬೋನಸ್ಸನ್ನು ಒಪ್ಪಂದದ ವರ್ಷಗಳಿಗೆ, ಜಾಸ್ತಿ ಅಂದರೆ ಐದು ವರ್ಷಕ್ಕೆ, ಸಮನಾಗಿ ಹಂಚಿ ಬರೆಯಬಹುದು. ಅಂದರೆ ವರ್ಷಕ್ಕೆ 1 ಕೋಟಿ. ಮೊದಲ ವರ್ಷದ ಕ್ಯಾಪ್ ಹಿಟ್ 1.15 ಕೋಟಿ ಅಷ್ಟೇ!

ಇದು ಇಎಂಐ ಅಂತ ನಾನು ಅಂದುಕೊಂಡೆ. ಅಲ್ಲ, ಅದರ ಉಲ್ಟಾ. ಇಎಂಐನಲ್ಲಿ ಫ್ರಿಜ್ ಇವತ್ತು ಬರುತ್ತದೆ, ದುಡ್ಡು ನಿಧಾನವಾಗಿ ಹೋಗುತ್ತದೆ. ಇಲ್ಲಿ ದುಡ್ಡು ಇವತ್ತೇ ಹೋಗಿದೆ, ಪುಸ್ತಕದಲ್ಲಿ ಬರೆಯುವುದು ಮಾತ್ರ ನಿಧಾನ. ಬಿ.ಕಾಂ. ಓದಿದವರು ಡಿಪ್ರಿಸಿಯೇಷನ್ ನೆನಪು ಮಾಡಿಕೊಂಡರೆ ಸಾಕು, ನನ್ನಷ್ಟು ಒದ್ದಾಡಬೇಕಿಲ್ಲ.

ಈಗ ಎರಡು ವರ್ಷ ಆದ ಮೇಲೆ ಅವನನ್ನು ಕೈಬಿಟ್ಟರು ಅಂದುಕೊಳ್ಳಿ. ಮೂರನೇ ವರ್ಷದ ಸಂಬಳ 4 ಕೋಟಿ ಇತ್ತು, ಅದಕ್ಕೆ ಗ್ಯಾರಂಟಿ ಇರಲಿಲ್ಲ. ಅವನು ಉಳಿದಿದ್ದರೆ ಕ್ಯಾಪ್ ಹಿಟ್ 4+1, ಅಂದರೆ 5 ಕೋಟಿ. ಹೋದ ಅಂದಮೇಲೆ 5 ಕೋಟಿ ಉಳಿಯಿತು ಅಂತ ನಾನು ಬರೆದುಕೊಂಡಿದ್ದೆ. ತಪ್ಪು. ಇನ್ನೂ ಬರೆಯದೆ ಉಳಿದ 3 ಕೋಟಿ ಬೋನಸ್ ಒಟ್ಟಿಗೆ ಬಂದು ಕೂರುತ್ತದೆ. ಉಳಿದದ್ದು 2 ಕೋಟಿ ಮಾತ್ರ. ತಂಡದಲ್ಲಿ ಇಲ್ಲದವನ ಹೆಸರಲ್ಲಿ ಕೂತ ಈ 3 ಕೋಟಿಗೆ ಡೆಡ್ ಮನಿ ಅನ್ನುತ್ತಾರೆ.

ಆಮೇಲೆ ಇನ್ನೊಂದು ತಪ್ಪೂ ಮಾಡಿದೆ: ಆ 3 ಕೋಟಿಯನ್ನು ಅವನಿಗೆ ಮತ್ತೆ ಕೊಡಬೇಕು ಅಂದುಕೊಂಡೆ. ಇಲ್ಲ, ಅದು ಸಹಿ ದಿನವೇ ಅವನ ಬ್ಯಾಂಕ್ ಸೇರಿದೆ. ಬಾಕಿ ಇರುವುದು ಬರವಣಿಗೆ ಮಾತ್ರ. ಜೂನ್ 1ರ ನಂತರ ಕೈಬಿಟ್ಟ ಲೆಕ್ಕದಲ್ಲಿ ಹಾಕಿದರೆ ಈ ವರ್ಷ 1 ಕೋಟಿ, ಮುಂದಿನ ವರ್ಷ 2 ಕೋಟಿ ಅಂತ ಒಡೆದು ಬರೆಯಬಹುದು. ಈ ಪ್ಯಾರಾ ನಾನು ಮೂರು ಸಲ ಓದಿ ಅರ್ಥ ಮಾಡಿಕೊಂಡದ್ದು. ನಿಮಗೆ ಮೊದಲ ಸಲಕ್ಕೇ ಹೊಳೆದರೆ ಹೊಟ್ಟೆಕಿಚ್ಚಾಗುತ್ತದೆ.

ನಿಜವಾದ ಲೆಕ್ಕಕ್ಕೆ ಬರೋಣ. ಫಿಲಡೆಲ್ಫಿಯಾ ಈಗಲ್ಸ್‌ನ ಜೇಲನ್ ಹರ್ಟ್ಸ್ 2023ರ ಏಪ್ರಿಲ್‌ನಲ್ಲಿ ಐದು ವರ್ಷಕ್ಕೆ 25.5 ಕೋಟಿ ಡಾಲರ್‌ಗೆ ಒಪ್ಪಿದರು. ಸರಾಸರಿ ವರ್ಷಕ್ಕೆ 5.1 ಕೋಟಿ. ನನ್ನ ಹಾಳೆಯಲ್ಲಿ ಇದ್ದದ್ದು ಈ 5.1. ಆದರೆ 2024ರಲ್ಲಿ ಅವರ ಕ್ಯಾಪ್ ಹಿಟ್ ಸುಮಾರು 1.35 ಕೋಟಿ. ಸಂಬಳದ ಬಹುಪಾಲನ್ನು ಆಪ್ಷನ್ ಬೋನಸ್ (ಸೈನಿಂಗ್ ಬೋನಸ್ ಹಾಗೇ ಹಂಚಿ ಬರೆಯುವ ಇನ್ನೊಂದು ಬೋನಸ್) ಮಾಡಿ ಮುಂದಿನ ವರ್ಷಗಳಿಗೆ ತಳ್ಳಿದ್ದರು. ಕೆಲವು ವರ್ಷಗಳಂತೂ ಕಾಗದದ ಮೇಲೆ ಮಾತ್ರ ಇವೆ, ಹಂಚಿಕೊಳ್ಳಲು ಜಾಗ ಸಿಗಲಿ ಅಂತ ಸೇರಿಸಿದ್ದು. ಹಾಗೆ ಉಳಿದ ಜಾಗ ಇದ್ದಾಗಲೇ ಚೆಂಡು ಹಿಡಿದು ಓಡುವ ಸೇಕ್ವಾನ್ ಬಾರ್ಕ್ಲಿಯನ್ನು ಮೂರು ವರ್ಷಕ್ಕೆ 3.775 ಕೋಟಿಗೆ ತಂದರು. ಅವರು ಆ ಸೀಸನ್‌ನಲ್ಲಿ 2,005 ಗಜ ಓಡಿದರು. ಈಗಲ್ಸ್ ಸೀಸನ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಸೋಲಿಸಿತು. ಪೇಪರ್ ಓದಿದವರಿಗೆ ದುಬಾರಿ ಕ್ವಾರ್ಟರ್‌ಬ್ಯಾಕ್ ಗೆದ್ದ, ಪುಸ್ತಕ ನೋಡಿದವರಿಗೆ ಆ ವರ್ಷದ ಅಗ್ಗದ ಕ್ವಾರ್ಟರ್‌ಬ್ಯಾಕ್ ಗೆದ್ದ.

ನನ್ನ ಸುಲಭ ದಾರಿ: ಭಾಗಿಸಿ

ಡಾಲರ್ ಮರೆತುಬಿಡಿ. ಕ್ಯಾಪ್ ಹಿಟ್ಟನ್ನು ಆ ವರ್ಷದ ಕ್ಯಾಪ್‌ನಿಂದ ಭಾಗಿಸಿ ಶೇಕಡಾ ಮಾಡಿ. ಹರ್ಟ್ಸ್ 2024: 1.35 ÷ 25.54, ಅಂದರೆ ಶೇ 5.3. ಯಾವ ವರ್ಷವನ್ನು ಯಾವ ವರ್ಷದ ಜೊತೆ ಬೇಕಾದರೂ ಈಗ ಹೋಲಿಸಬಹುದು.

2013ರ ಸೀಸನ್ ತೆಗೆದುಕೊಳ್ಳಿ, ಕ್ಯಾಪ್ 12.3 ಕೋಟಿ. ಡೆನ್ವರ್‌ನ ಪೇಟನ್ ಮ್ಯಾನಿಂಗ್ 1.75 ಕೋಟಿ, ಶೇ 14.2. ಸಿಯಾಟಲ್‌ನ ರಸೆಲ್ ವಿಲ್ಸನ್ ಸುಮಾರು 6.8 ಲಕ್ಷ, ಶೇ 0.55. ಸೂಪರ್ ಬೌಲ್‌ನಲ್ಲಿ ಸಿಯಾಟಲ್ 43, ಡೆನ್ವರ್ 8. (ಅಕ್ಕನ ಮಗನ ಮುಂದೆ ಈ ಸ್ಕೋರ್ ಎತ್ತುವ ಹಾಗಿಲ್ಲ.)

ವಿಲ್ಸನ್ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಲೀಗ್ ಮತ್ತು ಆಟಗಾರರ ಸಂಘದ 2011ರ ಕಾರ್ಮಿಕ ಒಪ್ಪಂದದಿಂದ. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಬಂದ ಹುಡುಗನ ಮೊದಲ ನಾಲ್ಕು ವರ್ಷದ ಬೆಲೆ ಅವನು ಎಷ್ಟನೆಯವನಾಗಿ ಬಂದ ಅನ್ನುವುದರ ಮೇಲೆ ಮೊದಲೇ ನಿಗದಿ. 2010ರಲ್ಲಿ ಮೊದಲನೆಯವರಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ. 2011ರಲ್ಲಿ ಹಾಗೇ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ವಿಲ್ಸನ್ ಬಂದದ್ದು 75ನೆಯವರಾಗಿ.

ಅದೇ ವಿಲ್ಸನ್, ಅದೇ ಡೆನ್ವರ್

2022ರಲ್ಲಿ ಡೆನ್ವರ್ ವಿಲ್ಸನ್ ಅವರನ್ನೇ ಕರೆತಂದಿತು. ಅಲ್ಲಿ ಒಂದು ಪಂದ್ಯ ಆಡುವ ಮೊದಲೇ ಐದು ವರ್ಷಕ್ಕೆ ಸುಮಾರು 24 ಕೋಟಿಯ ಹೊಸ ಒಪ್ಪಂದ. ಮೊದಲ ಸೀಸನ್ 5 ಗೆಲುವು 12 ಸೋಲು, ಎರಡನೆಯದು 8-9. 2024ರ ಮಾರ್ಚ್‌ನಲ್ಲಿ ಕೈಬಿಟ್ಟರು. ಡೆಡ್ ಮನಿ ಸುಮಾರು 8.5 ಕೋಟಿ, ಅಲ್ಲಿಯವರೆಗಿನ ದಾಖಲೆಯ ಎರಡು ಪಟ್ಟು. ಅದರಲ್ಲಿ 3.9 ಕೋಟಿ ಆ ವರ್ಷದ ಗ್ಯಾರಂಟಿ ಸಂಬಳ, ಉಳಿದದ್ದು ಬರೆಯದೆ ಉಳಿದ ಬೋನಸ್. ಜೂನ್ 1ರ ದಾರಿ ಹಿಡಿದು 2024ಕ್ಕೆ ಸುಮಾರು 5.3 ಕೋಟಿ, 2025ಕ್ಕೆ 3.2 ಕೋಟಿ ಹಾಕಿದರು.

ಅಂದರೆ 2024ರಲ್ಲಿ ಡೆನ್ವರ್‌ನ ಕ್ಯಾಪ್‌ನ ಐದನೇ ಒಂದು ಭಾಗ ಪಿಟ್ಸ್‌ಬರ್ಗ್‌ನಲ್ಲಿ ಆಡುತ್ತಿದ್ದವರ ಹೆಸರಲ್ಲಿತ್ತು. ಪಿಟ್ಸ್‌ಬರ್ಗ್ ಕೊಟ್ಟದ್ದು ಕನಿಷ್ಠ ಸಂಬಳ, 12.1 ಲಕ್ಷ. ಡೆನ್ವರ್ ಮುಳುಗಿತಾ? ಇಲ್ಲ! ಹೊಸ ಹುಡುಗ ಬೋ ನಿಕ್ಸ್ ಜೊತೆ 10-7 ಮಾಡಿ ಪ್ಲೇಆಫ್‌ಗೆ ಹೋಯಿತು. ಪಿಟ್ಸ್‌ಬರ್ಗ್ ಕೂಡ 10-7, ಕೂಡ ಪ್ಲೇಆಫ್. ನನ್ನ ಶೇಕಡಾ ಸೂತ್ರಕ್ಕೆ ಇಲ್ಲಿ ಮೊದಲ ಪೆಟ್ಟು ಬಿತ್ತು.

ಎರಡನೇ ಪೆಟ್ಟು ಪ್ಯಾಟ್ರಿಕ್ ಮಹೋಮ್ಸ್. ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಕ್ಯಾಪ್‌ನ ದೊಡ್ಡ ಪಾಲು 1994ರ ಸ್ಟೀವ್ ಯಂಗ್ ಅವರದಾಗಿತ್ತು, ಶೇ 13.1. ಅದನ್ನೇ ಲಕ್ಷ್ಮಣ ರೇಖೆ ಅಂತ ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೆ. 2022ರಲ್ಲಿ ಮಹೋಮ್ಸ್ 3.58 ÷ 20.82, ಶೇ 17.2. ಗೆದ್ದರು. ಆದರೆ ಅದಕ್ಕೆ ಮೊದಲು ಚೀಫ್ಸ್ ತನ್ನ ಸ್ಟಾರ್ ರಿಸೀವರ್ (ಎಸೆದ ಚೆಂಡು ಹಿಡಿಯುವವರು) ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಆಯ್ಕೆ ಪಡೆದಿತ್ತು, ಅಂದರೆ ಅಗ್ಗದ ಹುಡುಗರನ್ನು. ಕ್ವಾರ್ಟರ್‌ಬ್ಯಾಕ್‌ಗೆ ಜಾಸ್ತಿ ಕೊಟ್ಟದ್ದನ್ನು ಬೇರೆ ಕಡೆ ಉಳಿಸಿಕೊಂಡರು.

ಸಂಬಳ ಮೊದಲಾ, ಗೆಲುವು ಮೊದಲಾ

ಇದು ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಬಾಲ್ಟಿಮೋರ್‌ನ ಜೋ ಫ್ಲಾಕೊ 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು, ಮಾರ್ಚ್‌ನಲ್ಲಿ ಆರು ವರ್ಷಕ್ಕೆ 12.06 ಕೋಟಿಗೆ ಸಹಿ ಹಾಕಿದರು. (2012ರ ಇಡೀ ಕ್ಯಾಪ್ ಕೂಡ 12.06 ಕೋಟಿ. ಕಾಕತಾಳೀಯ ಅಷ್ಟೇ, ನಾನು ಅದರಲ್ಲಿ ಒಂದು ಸಂಜೆ ಕಳೆದೆ.) ಮುಂದಿನ ಸೀಸನ್ 8-8, ಪ್ಲೇಆಫ್ ಇಲ್ಲ. ಸಂಬಳ ತಂಡ ಕೆಡಿಸಿತು ಅನ್ನುವುದು ಸುಲಭ. ಆದರೆ ಗೆದ್ದವರಿಗೇ ಸಂಬಳ ಏರುವುದು, ಆ ಎತ್ತರದಿಂದ ಸ್ವಲ್ಪ ಇಳಿಯುವುದು ಹೇಗಿದ್ದರೂ ಸಹಜ. ಜೊತೆಗೆ ವರ್ಷಕ್ಕೆ ಗೆಲ್ಲುವುದು ಒಂದೇ ತಂಡ, ಕ್ಯಾಪ್ ಬಂದ ಮೇಲಿನ ಆ ಮೂವತ್ತು ಚಿಲ್ಲರೆ ಗೆಲುವಿನಲ್ಲಿ ಏಳು ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಒಬ್ಬರದೇ. ಇಷ್ಟರಲ್ಲಿ ಶೇ 13 ಅಂತ ಗೆರೆ ಎಳೆದದ್ದು ನನ್ನ ಆತುರ.

ನಿಮಗೊಂದು ಲೆಕ್ಕ

ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಟಗಾರ, 262ನೆಯವರು. 2023ರಲ್ಲಿ 9 ಲಕ್ಷಕ್ಕೂ ಕಡಿಮೆ ಕ್ಯಾಪ್ ಹಿಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ಸೂಪರ್ ಬೌಲ್‌ಗೆ ಒಯ್ದು, ಮಹೋಮ್ಸ್ ಎದುರು 25-22ರಿಂದ ಸೋತರು. ಆ ವರ್ಷದ ಕ್ಯಾಪ್ 22.48 ಕೋಟಿ, ಭಾಗಿಸಿ ನೋಡಿ. 2025ರ ಮೇನಲ್ಲಿ ಅವರ ಹೊಸ ಒಪ್ಪಂದ ಆಯಿತು, ಐದು ವರ್ಷಕ್ಕೆ 26.5 ಕೋಟಿ. ಇದನ್ನು ಐದರಿಂದ ಭಾಗಿಸಿ 5.3 ಅಂತ ಬರೆಯಲು ಪೆನ್ನು ಎತ್ತಿದ್ದರೆ, ನನ್ನ ಹಳೇ ಕಾಲಂಗೆ ಸ್ವಾಗತ.